ನರ್ಸ್ ಹೆಸರಿನ ಮುಂದಿನ ಅಕ್ಷರಗಳನ್ನು ಓದುವುದು ಹೇಗೆ?

ಅಮೆರಿಕದ ಆಸ್ಪತ್ರೆಗಳಲ್ಲಿ ನರ್ಸ್‌ಗಳ ಕೊರಳಿನಲ್ಲಿ ತೂಗುವ ಗುರುತಿನ ಚೀಟಿಯ ಮೇಲೆ, ಕೆಲವೊಮ್ಮೆ ಹೆಸರಿಗಿಂತ ಉದ್ದವಾದ ಬಾಲವೊಂದು ಕಾಣುತ್ತದೆ: ‘ಎಂಎಸ್‌ಎನ್, ಆರ್‌ಎನ್, ಸಿಸಿಆರ್‌ಎನ್’. ಇದರಲ್ಲಿ ಮೊದಲನೆಯದು ಪದವಿ, ಎರಡನೆಯದು ಪರವಾನಗಿ, ಮೂರನೆಯದು ಪರಿಣತಿಯ ಪ್ರಮಾಣಪತ್ರ. ಗಳಿಸಿದ ಪದವಿ ಸಾಮಾನ್ಯವಾಗಿ ಕೈಬಿಟ್ಟು ಹೋಗುವುದಿಲ್ಲವಾದ್ದರಿಂದ ಅದಕ್ಕೆ ಮೊದಲ ಸ್ಥಾನ. ಅವಧಿ ಮುಗಿದಂತೆಲ್ಲ ನವೀಕರಿಸಬೇಕಾದ ಪ್ರಮಾಣಪತ್ರಕ್ಕೆ ಪರವಾನಗಿಯ ನಂತರದ ಸ್ಥಾನ.

ಬರೆಯುವ ಕ್ರಮ ಹೀಗಿದ್ದರೂ ಓದುವಾಗ ನಡುವಿನಿಂದ ಆರಂಭಿಸುವುದೇ ಲೇಸು. ಮೊದಲು ಆರ್‌ಎನ್, ಅಂದರೆ ರಿಜಿಸ್ಟರ್ಡ್ ನರ್ಸ್, ಎಂಬುದನ್ನು ಹುಡುಕಿ. ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ರಾಜ್ಯದ ನರ್ಸಿಂಗ್ ಮಂಡಳಿ ಕೊಡುವ ಈ ಪರವಾನಗಿ ಇಲ್ಲದಿದ್ದರೆ, ಎಷ್ಟೇ ದೊಡ್ಡ ಪದವಿಯಿದ್ದರೂ ಆರ್‌ಎನ್ ಆಗಿ ಕೆಲಸ ಮಾಡುವಂತಿಲ್ಲ. ಅದರ ಜಾಗದಲ್ಲಿ ಎಲ್‌ಪಿಎನ್ ಎಂದಿದ್ದರೆ ಅದು ಕಡಿಮೆ ಅವಧಿಯ ಶಿಕ್ಷಣದ, ಕಿರಿದಾದ ಕಾರ್ಯವ್ಯಾಪ್ತಿಯ ಪರವಾನಗಿ. ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಾಸ್‌ನಲ್ಲಿ ಇದನ್ನೇ ಎಲ್‌ವಿಎನ್ ಎನ್ನುತ್ತಾರೆ. ಸಿಎನ್‌ಎ ಎಂಬುದು ನರ್ಸ್ ಅಲ್ಲ, ಶುಶ್ರೂಷಾ ಸಹಾಯಕರು.

ಈಗ ಎಡಕ್ಕೆ ಬನ್ನಿ. ಬಿಎಸ್‌ಎನ್ ಎಂದರೆ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ, ಎಂಎಸ್‌ಎನ್ ಸ್ನಾತಕೋತ್ತರ. ಸುಮಾರು ಎರಡು ವರ್ಷದ ಎಡಿಎನ್ ಓದಿದವರೂ ಬಿಎಸ್‌ಎನ್ ಓದಿದವರೂ ಬರೆಯುವುದು ಒಂದೇ ಪರೀಕ್ಷೆ, ಪಡೆಯುವುದು ಒಂದೇ ಪರವಾನಗಿ. ಆದ್ದರಿಂದ ಬರೀ ಆರ್‌ಎನ್ ಎಂದಷ್ಟೇ ಬರೆದುಕೊಂಡವರನ್ನು ಹಗುರವಾಗಿ ಕಾಣಬೇಕಿಲ್ಲ. ಡಿಎನ್‌ಪಿ ಡಾಕ್ಟರೇಟ್ ಹೌದು, ಆದರೆ ಅದು ನರ್ಸಿಂಗ್‌ನಲ್ಲಿ ಪಡೆದದ್ದು. ಅದನ್ನು ಪಡೆದವರು ವೈದ್ಯರೆಂದು ಭಾವಿಸಬಾರದು.

ಗೊಂದಲ ಹೆಚ್ಚುವುದು ಬಲಬದಿಯಲ್ಲಿ. ಸಿಸಿಆರ್‌ಎನ್ ತೀವ್ರ ನಿಗಾ ಘಟಕದ ಪರಿಣತಿಗೆ, ಸಿಇಎನ್ ತುರ್ತು ಚಿಕಿತ್ಸೆಗೆ, ಒಸಿಎನ್ ಕ್ಯಾನ್ಸರ್ ಆರೈಕೆಗೆ ಸಂಬಂಧಿಸಿದವು. ಸಿಸಿಆರ್‌ಎನ್‌ಗೆ ಮೂರು ವರ್ಷದ ಅವಧಿಯಿದ್ದು, ರೋಗಿಗಳ ಆರೈಕೆಯಲ್ಲಿ ಕಳೆದ ಗಂಟೆಗಳನ್ನು ತೋರಿಸಿದವರಷ್ಟೇ ಅದಕ್ಕೆ ಅರ್ಹರು. ‘ಡಿಎನ್‌ಪಿ, ಎಪಿಆರ್‌ಎನ್, ಎಫ್‌ಎನ್‌ಪಿ-ಬಿಸಿ’ ಎಂದಿದ್ದರೆ, ಎಪಿಆರ್‌ಎನ್ ಎಂಬುದು ಉನ್ನತ ಹಂತದ ಪರವಾನಗಿ, ಎಫ್‌ಎನ್‌ಪಿ-ಬಿಸಿ ಕುಟುಂಬ ಆರೋಗ್ಯದ ನರ್ಸ್ ಪ್ರಾಕ್ಟಿಷನರ್ (ರೋಗ ಗುರುತಿಸಿ ಔಷಧ ಬರೆದುಕೊಡಬಲ್ಲ ನರ್ಸ್) ಎಂಬುದರ ಪ್ರಮಾಣಪತ್ರ. ಪಕ್ಕದ ಕೊಠಡಿಯಲ್ಲಿರುವವರ ಚೀಟಿಯಲ್ಲಿ ಎಫ್‌ಎನ್‌ಪಿ-ಸಿ ಎಂದಿದ್ದರೆ ಅವರು ಒಂದು ಮೆಟ್ಟಿಲು ಕೆಳಗಿನವರಲ್ಲ. ಪ್ರಮಾಣಪತ್ರ ಕೊಟ್ಟ ಸಂಸ್ಥೆ ಬೇರೆ, ಅಷ್ಟೇ. ಅರಿವಳಿಕೆ ನೀಡುವ ಸಿಆರ್‌ಎನ್‌ಎ, ಹೆರಿಗೆ ನೋಡಿಕೊಳ್ಳುವ ಸಿಎನ್‌ಎಂ ಕೂಡ ಇದೇ ಉನ್ನತ ಹಂತದವರು. ತುದಿಯಲ್ಲಿ ಎಫ್‌ಎಎಎನ್ ಕಂಡರೆ ಅದು ಅಮೆರಿಕನ್ ಅಕಾಡೆಮಿ ಆಫ್ ನರ್ಸಿಂಗ್‌ನ ಫೆಲೋ ಎಂಬ ಗೌರವ.

ಚೀಟಿಯ ಮೇಲಿನ ಅಕ್ಷರಗಳು ಇಂದಿಗೂ ಊರ್ಜಿತವೇ ಎಂಬುದನ್ನು ಚೀಟಿಯೇ ಹೇಳಲಾರದು. ಅದಕ್ಕೆ ನರ್ಸಿಸ್ ಎಂಬ ಜಾಲತಾಣದಲ್ಲಿ ಹೆಸರು ಅಥವಾ ಪರವಾನಗಿ ಸಂಖ್ಯೆಯನ್ನು ಕೊಟ್ಟು ಹುಡುಕಿ; ಇದಕ್ಕೆ ಶುಲ್ಕವಿಲ್ಲ. ಮಾಹಿತಿ ನೀಡುವ ಮಂಡಳಿಗಳ ಮಟ್ಟಿಗೆ ಪರವಾನಗಿ ಚಾಲ್ತಿಯಲ್ಲಿದೆಯೇ, ಶಿಸ್ತುಕ್ರಮವೇನಾದರೂ ಆಗಿದೆಯೇ ಎಂಬುದು ಅಲ್ಲಿ ಸಿಗುತ್ತದೆ. ಸಿಸಿಆರ್‌ಎನ್‌ನಂಥ ಪ್ರಮಾಣಪತ್ರವನ್ನು ಮಾತ್ರ ಅದನ್ನು ಕೊಟ್ಟ ಸಂಸ್ಥೆಯಲ್ಲೇ ವಿಚಾರಿಸಬೇಕು.