ಹಣೆ ಜಿಡ್ಡು, ಕೆನ್ನೆ ಒರಟು: ಮಿಶ್ರ ತ್ವಚೆಗೆ ಎಣ್ಣೆ ಮಸಾಜ್ ಹೇಗೆ?

ಮಧ್ಯಾಹ್ನವಾಗುತ್ತಲೇ ಹಣೆ, ಮೂಗು ಜಿಡ್ಡುಜಿಡ್ಡಾಗುತ್ತದೆ. ಕೆನ್ನೆ ಮಾತ್ರ ಬಿಗಿದುಕೊಂಡು ಒರಟಾಗಿಯೇ ಇರುತ್ತದೆ. ಇದೇ ಮಿಶ್ರ ತ್ವಚೆ. ಅನುಮಾನವಿದ್ದರೆ ಮುಖ ತೊಳೆದು, ಏನೂ ಹಚ್ಚದೆ ಒಂದು ಗಂಟೆ ಬಿಟ್ಟು ಟಿಶ್ಯೂ ಒತ್ತಿ ನೋಡಿ. ಹಣೆ, ಮೂಗಿನ ಮೇಲೆ ಒತ್ತಿದ್ದರಲ್ಲಿ ಎಣ್ಣೆಯ ಗುರುತು ಮೂಡಿ, ಕೆನ್ನೆಯದು ಒಣಗಿದ್ದರೆ ನಿಮ್ಮದೂ ಅದೇ.

ಹೆಚ್ಚಿನವರು ತಪ್ಪುವುದು ಎಣ್ಣೆಯ ಆಯ್ಕೆಯಲ್ಲಿ. ಒಂದು ದೀಪಾವಳಿಯ ಎಣ್ಣೆಸ್ನಾನದ ನಂತರ ನಾನು ವಾರವಿಡೀ ಮುಖಕ್ಕೆಲ್ಲ ಕೊಬ್ಬರಿ ಎಣ್ಣೆ ತಿಕ್ಕಿದೆ. ಕೆನ್ನೆಯೇನೋ ನುಣುಪಾಯಿತು, ಆದರೆ ಹಣೆ ತುಂಬ ಸಾಸಿವೆ ಕಾಳಿನಂಥ ಗುಳ್ಳೆಗಳೆದ್ದವು. ಕೊಬ್ಬರಿ ಎಣ್ಣೆ ಚರ್ಮದ ರಂಧ್ರಗಳನ್ನು ಕಟ್ಟಿಬಿಡುತ್ತದೆ, ಅದು ಕೂದಲಿಗಿರಲಿ. ನನ್ನ ಮೊದಲ ಆಯ್ಕೆ ಕುಸುಬೆ ಎಣ್ಣೆ. ಕಲಬುರಗಿ, ವಿಜಯಪುರದ ಕಡೆ ಹಿಂಗಾರಿನಲ್ಲಿ ಬೆಳೆಯುವ ಕುಸುಬೆಯಲ್ಲಿ ಲಿನೋಲಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಹೇರಳ. ತೆಳುವಾದ ಈ ಎಣ್ಣೆ ಮುಖದ ಮೇಲೆ ಭಾರವಾಗಿ ಕೂರುವುದಿಲ್ಲ. ಗಾಣದ ಎಣ್ಣೆಯನ್ನೇ ಸಣ್ಣ ಬಾಟಲಿಯಲ್ಲಿ ತಂದು, ಬಿಸಿಲು ಬೀಳದ ಕಡೆ ಇಡಿ; ಕಮಟು ವಾಸನೆ ಬಂದರೆ ಮುಖಕ್ಕೆ ಬೇಡ. ಜೊಜೊಬಾ ಎಂಬ ಮರುಭೂಮಿ ಪೊದೆಯ ಬೀಜದ ಎಣ್ಣೆ ಕೂಡ ಒಳ್ಳೆಯದು. ಹೆಸರಿಗೆ ಎಣ್ಣೆಯಾದರೂ ಅದು ದ್ರವರೂಪದ ಮೇಣ, ನಮ್ಮ ಚರ್ಮದ ಜಿಡ್ಡಿಗೆ ಹತ್ತಿರದ್ದು. ಬೆಲೆ ಮಾತ್ರ ಜಾಸ್ತಿ.

ಯಾವುದೇ ಎಣ್ಣೆಯಾಗಲಿ, ಮೊದಲು ಮೊಣಕೈ ಒಳಮಗ್ಗುಲಿಗೆ ಒಂದು ತೊಟ್ಟು ಹಚ್ಚಿ 24 ಗಂಟೆ ಕಾಯಿರಿ. ತುರಿಕೆ, ಕೆಂಪು ಕಾಣದಿದ್ದರೆ ಮುಂದುವರಿಯಿರಿ.

ರಾತ್ರಿ ಮುಖ ತೊಳೆದು, ಇನ್ನೂ ತುಸು ತೇವವಿರುವಾಗಲೇ ನಾಲ್ಕು ಹನಿ ಎಣ್ಣೆಯನ್ನು ಅಂಗೈಗೆ ಹಾಕಿ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಅಂಗೈಗಳನ್ನು ಮೊದಲು ಕೆನ್ನೆಗೆ ಒತ್ತಿ. ಹಣೆ, ಮೂಗು, ಗದ್ದಕ್ಕೆ ಹೊಸ ಹನಿ ಬೇಡ, ಬೆರಳಲ್ಲಿ ಉಳಿದ ಪಸೆಯೇ ಸಾಕು. ಇಡೀ ಮಸಾಜಿನ ಗುಟ್ಟು ಇಷ್ಟೇ.

ಗದ್ದದಿಂದ ಕಿವಿಯವರೆಗೆ, ಮೂಗಿನ ಪಕ್ಕದಿಂದ ಕಪೋಲದ ಮೂಳೆಯ ಮೇಲೆ ಹಾಯ್ದು ಕಣತಲೆಯವರೆಗೆ ಹಗುರವಾಗಿ ಸವರಿ, ಎಂಟು-ಹತ್ತು ಸಲ. ಚರ್ಮ ಜಗ್ಗಬಾರದು, ಬೆರಳು ಜಾರಬೇಕು. ಮೂಗಿನ ಇಕ್ಕೆಲದ ಸಂದಿಯಲ್ಲಿ ಉಂಗುರ ಬೆರಳಿನಿಂದ ಅರ್ಧ ನಿಮಿಷ ಚಿಕ್ಕ ಸುತ್ತು ಹಾಕಿ. ಕಪ್ಪು ಚುಕ್ಕೆಗಳು ಸೇರುವುದು ಅಲ್ಲೇ. ಕಣ್ಣಿನ ಕೆಳಗೆ ಅದೇ ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸಾಕು. ಒಟ್ಟು ಐದು ನಿಮಿಷ.

ಆಮೇಲೆ ಮೆತ್ತನೆಯ ಹತ್ತಿ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ, ಮುಖದ ಮೇಲೆ ಹರವಿ, ಹತ್ತು ಎಣಿಸಿ ಒರೆಸಿ. ಹಣೆ, ಮೂಗು, ಗದ್ದಕ್ಕೆ ಮಾತ್ರ ಸೌಮ್ಯ ಫೇಸ್‌ವಾಶ್ ಬಳಸಿ. ಕೆನ್ನೆಯ ಪಸೆ ಹಾಗೇ ಇರಲಿ. ಕಡಲೆಹಿಟ್ಟು ಹಾಕಿ ತಿಕ್ಕಿದರೆ ಒಣಕೆನ್ನೆ ಇನ್ನಷ್ಟು ಒಣಗುತ್ತದೆ.

ವಾರಕ್ಕೆ ಎರಡು ಸಲ ಸಾಕು. ಕೀವು ತುಂಬಿದ ಮೊಡವೆಯಿದ್ದರೆ, ಹುಬ್ಬು-ಮೂಗಿನ ಸುತ್ತ ಹೊಟ್ಟು ಏಳುತ್ತಿದ್ದರೆ ಎಣ್ಣೆ ಮುಟ್ಟದೆ ಚರ್ಮವೈದ್ಯರಿಗೆ ತೋರಿಸಿ. ಇನ್ನು ತಲೆಗೆ ಎಣ್ಣೆ ಹಚ್ಚಿ ಮಲಗುವ ಅಭ್ಯಾಸವಿದ್ದವರು ಕೂದಲಿಗೆ ಬಟ್ಟೆ ಕಟ್ಟಿಕೊಳ್ಳಿ, ಬೆಳಿಗ್ಗೆ ದಿಂಬಿನ ಕವರ್ ಬದಲಿಸಿ.