ಯಿವು ಮಾರ್ಕೆಟ್ಟಿನಲ್ಲಿ ಮಧ್ಯಾಹ್ನದ ಬುತ್ತಿ: ನನ್ನ ಅನುಭವ

ಚೀನಾದ ಸಗಟು ಮಾರ್ಕೆಟ್ಟಿನ ಊರು ಯಿವುಗೆ ಇದು ನನ್ನ ಮೂರನೇ ಟ್ರಿಪ್. ಏಜೆಂಟ್ ಇಲ್ಲ, ಟ್ರಾನ್ಸ್‌ಲೇಟರ್ ಇಲ್ಲ, ಹನ್ನೆರಡು ದಿನ ಮಧ್ಯಾಹ್ನ ಹೋಟೆಲ್ ಊಟವೂ ಇಲ್ಲ. ಹೊರಡುವ ಮುಂಚೆ ಬೆಂಗಳೂರಿನ ಮಾಮೂಲ್ ಪೇಟೆಯಲ್ಲಿ ಪಕ್ಕದ ಅಂಗಡಿಯವರು, "ನೀವು ಸಸ್ಯಾಹಾರಿ ಬೇರೆ. ನಾಲ್ಕನೇ ದಿನಕ್ಕೆ ಏಜೆಂಟ್‌ಗೆ ಫೋನ್ ಮಾಡ್ತೀರ, ನೋಡ್ತಿರಿ" ಅಂದಿದ್ದರು. ಮಾಡಲಿಲ್ಲ. ಹೆಚ್ಚುಕಡಿಮೆ 1.8 ಲಕ್ಷ ಯುವಾನ್ ಮಾಲು ಬುಕ್ ಮಾಡಿ ಬಂದೆ. ಕ್ಲಿಪ್ಪು, ಹೇರ್‌ಬ್ಯಾಂಡು, ನಮ್ಮ ಲೈನಿನ ಫ್ಯಾನ್ಸಿ ಐಟಮ್ಮೇ.

ಹಿಂದಿನ ಎರಡು ಸಲ ಏಜೆಂಟ್ ಮಾಲಿನ ಮೇಲೆ 3% ಕಮಿಷನ್ ತೆಗೆದುಕೊಂಡಿದ್ದ. ಅದು ಹೋಗಲಿ. ಹನ್ನೊಂದೂವರೆ ಆದರೆ ಸಾಕು, ಎಲ್ಲರನ್ನೂ ಕಾರಿಗೆ ಹತ್ತಿಸಿ ಇಂಡಿಯನ್ ಹೋಟೆಲ್ಲಿಗೆ ಕರೆದೊಯ್ಯುತ್ತಿದ್ದ. ಒಂದು ಥಾಲಿಗೆ 50-60 ಯುವಾನ್. ಅಂದರೆ ಆರೇಳು ನೂರು ರೂಪಾಯಿ. ವಾಪಸ್ ಬರುವಷ್ಟರಲ್ಲಿ ಮಧ್ಯಾಹ್ನ ಎರಡಾಗಿರುತ್ತಿತ್ತು. ಐದಕ್ಕೆಲ್ಲ ಅಂಗಡಿ ಮುಚ್ಚುವ ಮಾರ್ಕೆಟ್ಟಿನಲ್ಲಿ ದಿನಾ ಎರಡೂವರೆ ಗಂಟೆ ಊಟಕ್ಕೇ ಹೋದರೆ ಏನು ಉಳಿಯುತ್ತೆ?

ಈ ಸಲ ಮೊದಲು ಚಿಕ್ಕ ರೈಸ್ ಕುಕ್ಕರ್ ಒಯ್ದೆ. ಅದು ಪೂರ್ತಿ ಸೋಲು. ಹಾಕಿದ ತಕ್ಷಣ ರೂಮಿನ ಕರೆಂಟ್ ಹೋಯಿತು. ಕೆಳಗಿನಿಂದ ಹುಡುಗಿ ಬಂದು ಕುಕ್ಕರ್ ಎತ್ತಿಕೊಂಡು ಹೋದಳು. ಕೊಟ್ಟದ್ದು ಚೆಕ್ ಔಟ್ ದಿನವೇ.

ಆಮೇಲೆ ಹೊಳೆದದ್ದು ಫ್ಲಾಸ್ಕ್. ಅಗಲ ಬಾಯಿಯದು, ಅಲ್ಲಿ ಗಂಜಿ ಬೇಯಿಸಲಿಕ್ಕೇ ಅಂತ ಮಾರುತ್ತಾರೆ. ಪಕ್ಕದ ಯೊಂಗ್‌ಕಾಂಗ್ ಊರು ಫ್ಲಾಸ್ಕ್ ತಯಾರಿಕೆಗೇ ಹೆಸರಾದದ್ದು. ಹಾಗಾಗಿ ಒಳ್ಳೆಯದು ಸುಮಾರು 60 ಯುವಾನ್‌ಗೆ ಸಿಕ್ಕಿತು. ಮೊದಲ ದಿನ ಅಕ್ಕಿ ಹಾಕಿ, ಕೆಟಲ್ಲಿನ ಕುದಿನೀರು ಸುರಿದು, ಮುಚ್ಚಿ ಹೊರಟೆ. ಮಧ್ಯಾಹ್ನ ನೋಡಿದರೆ ಕಾಳು ಕಾಳು, ಹಲ್ಲಿಗೆ ಕಲ್ಲಿನ ಹಾಗೆ. ಎರಡನೇ ದಿನವೂ ಅಷ್ಟೇ. ಮೂರನೇ ದಿನಕ್ಕೆ ದಾರಿ ಸಿಕ್ಕಿತು. ಅಕ್ಕಿ ರಾತ್ರಿಯೇ ನೆನೆಯಬೇಕು. ಬೆಳಿಗ್ಗೆ ಬರೀ ಕುದಿನೀರು ಹಾಕಿ ಫ್ಲಾಸ್ಕನ್ನು ಹತ್ತು ನಿಮಿಷ ಕಾಯಿಸಿ ಚೆಲ್ಲಬೇಕು. ಅಕ್ಕಿ ಹಾಕಿ ಇನ್ನೊಮ್ಮೆ ಕುದಿನೀರು, ಅದನ್ನೂ ಬಸಿಯಬೇಕು. ಕೊನೆಗೆ ಹಾಕುವ ನೀರೇ ಬೇಯಿಸುವ ನೀರು. ಏಳೂವರೆಗೆ ಮುಚ್ಚಿದರೆ ಹನ್ನೊಂದೂವರೆಗೆ ಬಿಸಿಬಿಸಿ ಅನ್ನ. ಅದಕ್ಕೆ ಮನೆಯಿಂದ ಒಯ್ದ ಪುಳಿಯೋಗರೆ ಗೊಜ್ಜು. ಹನ್ನೆರಡು ದಿನ ಕೆಡದ ಹಾಗೆ ಅದಕ್ಕೆ ಏನು ಹಾಕುತ್ತಾರೆ ಅನ್ನೋದು ನಮ್ಮ ಮನೆಯ ಗುಟ್ಟು, ಇಲ್ಲಿ ಬರೆಯಲ್ಲ.

ನಿಜವಾದ ಲಾಭ ಊಟದ ದುಡ್ಡಲ್ಲ. ಆ ಹೊತ್ತಿಗೆ ಹೊರದೇಶದವರೆಲ್ಲ ಊಟಕ್ಕೆ ಹೋಗಿರುತ್ತಾರೆ. ಅಂಗಡಿಯವರು ಮಾತ್ರ ಅಂಗಡಿಯಲ್ಲೇ ಡಬ್ಬಿ ಬಿಚ್ಚುತ್ತಾರೆ. ಮಾರ್ಕೆಟ್ಟಿನ ಡಿಸ್ಟ್ರಿಕ್ಟ್ 1 ಅನ್ನೋ ಭಾಗದ ಎರಡನೇ ಮಹಡಿಯಲ್ಲಿ ಒಬ್ಬ ಕ್ಲಿಪ್ ಅಂಗಡಿಯಾಕೆ ನನ್ನ ಫ್ಲಾಸ್ಕ್ ನೋಡಿ ಪ್ಲಾಸ್ಟಿಕ್ ಸ್ಟೂಲ್ ಎಳೆದು ಕೊಟ್ಟರು. ಒಂದು ಚಮಚ ಪುಳಿಯೋಗರೆ ಕೇಳಿ ತಿಂದರು. ಹುಳಿಗೆ ಕಣ್ಣು ಮುಚ್ಚಿಕೊಂಡು, ಆಮೇಲೆ ಹೆಬ್ಬೆರಳು ಎತ್ತಿದರು. ಬೆಳಿಗ್ಗೆ ಡಜನ್‌ಗೆ 4.20 ಅಂದಿದ್ದ ಕ್ಲಿಪ್ಪಿಗೆ ಈಗ ಕ್ಯಾಲ್ಕುಲೇಟರ್‌ನಲ್ಲಿ 3.60 ಒತ್ತಿದರು. 2,000 ಡಜನ್ ತೆಗೆದುಕೊಂಡೆ. ನೀವೇ ಲೆಕ್ಕ ಹಾಕಿ. ಆಮೇಲೆ ದಿನಾ ಆ ಊಟದ ಹೊತ್ತಿನಲ್ಲೇ ಮುಖ್ಯ ರೇಟು ಮಾತಾಡಿದೆ. ಯಾವ ಸಾಲಿನ ಅಂಗಡಿಗಳಿಂದ ಶುರು ಮಾಡುತ್ತೇನೆ ಅಂತ ಮಾತ್ರ ಕೇಳಬೇಡಿ.

ಟ್ರಾನ್ಸ್‌ಲೇಟರ್ ಇಲ್ಲದ್ದಕ್ಕೆ ಒಂದು ಪೆಟ್ಟೂ ಬಿತ್ತು. ಎಷ್ಟು ಕಾರ್ಟನ್ ಮಿನಿಮಮ್ ಅಂದಾಗ ಒಬ್ಬಾತ ಹೆಬ್ಬೆರಳು, ತೋರುಬೆರಳು ಚಾಚಿದ. ಎರಡು ಅಂದುಕೊಂಡು ತಲೆಯಾಡಿಸಿ ಅಡ್ವಾನ್ಸ್ ಕೊಟ್ಟೆ. ಅವರಿಗೆ ಅದು ಎಂಟು. ಮಾಲು ಊರಿಗೆ ಕಳಿಸುವ ಫಾರ್ವರ್ಡರ್ ಗೋಡೌನಿಗೆ ಎಂಟು ಕಾರ್ಟನ್ ಬಂತು. ಜಾಸ್ತಿ ಬಂದ ಆರಕ್ಕೆ ಸುಮಾರು 3,000 ಯುವಾನ್, ಮೂವತ್ತೈದು ಸಾವಿರ ರೂಪಾಯಿ. ನಾಲ್ಕು ಕಾರ್ಟನ್ ಇನ್ನೂ ನಮ್ಮ ಅಂಗಡಿಯ ಅಟ್ಟದಲ್ಲಿದೆ. ಹೆಬ್ಬೆರಳು, ಕಿರುಬೆರಳು ಚಾಚಿದರೆ ಆರು. ಅದನ್ನೂ ನೆನಪಿಟ್ಟುಕೊಳ್ಳಿ. ಈಗ ನಾನು ಬೆರಳು ನೋಡೋದೇ ಇಲ್ಲ, ಕ್ಯಾಲ್ಕುಲೇಟರ್ ಮುಂದಿಡುತ್ತೇನೆ. ಆರ್ಡರ್ ಸ್ಲಿಪ್ಪಿನ ಫೋಟೊ ತೆಗೆದು ಅನುವಾದದ ಆ್ಯಪ್‌ನಲ್ಲಿ ಓದಿಸದೆ ಒಂದು ಯುವಾನ್ ಕೊಡಲ್ಲ.

ರಾತ್ರಿ ಊಟಕ್ಕೆ ಹೊರಗಿನ ತರಕಾರಿ ನಂಬಲಿಲ್ಲ. ಮಾಂಸ ಬೇಡ ಅಂದರೆ ತುಂಡು ತೆಗೆಯುತ್ತಾರೆ, ಹಂದಿಕೊಬ್ಬು ಬಾಣಲೆಯಲ್ಲೇ ಇರಬಹುದು. ಬೀದಿಯ ಸುಟ್ಟ ಗೆಣಸು, ಬೇಯಿಸಿದ ಜೋಳ, ಬಾಳೆಹಣ್ಣು ಸಾಕಾಯಿತು.

ಮೊಸರನ್ನೂ ಮಾಡಿ ನೋಡಿದೆ. ಅಂಗಡಿಯ ಮೊಸರು ಸಕ್ಕರೆ ಪಾಕ. ಅದನ್ನೇ ಒಂದು ಚಮಚ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ ಎರಡನೇ ಫ್ಲಾಸ್ಕಿನಲ್ಲಿಟ್ಟೆ. ಮೊದಲ ರಾತ್ರಿ ಸಿಹಿಯೇ ಇತ್ತು. ಅದರಿಂದ ಮತ್ತೆ ಹೆಪ್ಪು, ಮತ್ತೆ ಹೆಪ್ಪು. ಮೂರನೇ ಸಲಕ್ಕೆ ನಮ್ಮ ಮನೆಯ ಮೊಸರೇ. ಅಲ್ಲಿನ ಅಕ್ಕಿ ಅಂಟು ಅಂತ ಎಲ್ಲರೂ ಬೈತಾರೆ. ಮೊಸರನ್ನಕ್ಕೆ ಮಾತ್ರ ಅದಕ್ಕಿಂತ ಒಳ್ಳೆಯ ಅಕ್ಕಿ ಇಲ್ಲ.

ಎರಡು ಫ್ಲಾಸ್ಕ್ ಸೇರಿ ಊಟದ ಖರ್ಚು 350 ಯುವಾನ್ ದಾಟಲಿಲ್ಲ. ಚಿಲ್ಲರೆಯೆಲ್ಲ ಅಲ್ಲಿನ ಫೋನ್ ಪೇಮೆಂಟ್ ಆ್ಯಪ್ ಅಲಿಪೇಯಲ್ಲೇ ಕೊಟ್ಟೆ. ನಾನು ಹೋದಾಗ 200 ಯುವಾನ್ ಒಳಗಿದ್ದರೆ ಹೊರದೇಶದ ಕಾರ್ಡಿಗೆ ಅಲಿಪೇ ಚಾರ್ಜ್ ಹಾಕುತ್ತಿರಲಿಲ್ಲ, ಮೇಲಾದರೆ 3%.

ಮುಂದಿನ ಸಲ ಗೊಜ್ಜು ಎರಡು ಡಬ್ಬಿ ಒಯ್ಯಬೇಕು. ಕ್ಲಿಪ್ ಅಂಗಡಿಯಾಕೆ ವೀಚಾಟ್‌ನಲ್ಲಿ ಆಗಲೇ ಎರಡು ಸಲ ಕೇಳಿದ್ದಾರೆ.