ಅಟ್ಟದಿಂದ ಇಳಿದದ್ದು ಅಟ್ಟಕ್ಕೇ

ಕ್ರಿಸ್‌ಮಸ್ ಹತ್ತಿರ ಬಂತು ಅಂದರೆ ನಾವು ಅಂಗಡಿಗೆ ಓಡುವುದಿಲ್ಲ, ಮೊದಲು ಅಟ್ಟಕ್ಕೆ ಏಣಿ ಹಾಕುತ್ತೇವೆ. ಗೋದಲಿಯಲ್ಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಲ್ಲಿ, ಇಡುವ ಮಣ್ಣಿನ ಬೊಂಬೆ, ಬಟ್ಟೆಯ ನಕ್ಷತ್ರ, ರಟ್ಟಿಗೆ ಸುತ್ತಿಟ್ಟ ಸೀರಿಯಲ್ ಸೆಟ್, ಎಲ್ಲ ಅಲ್ಲೇ ಇರುತ್ತವೆ. ಒಂದು ಕುರಿಗೆ ಕಾಲು ಮುರಿದಿದೆ. ಹುಲ್ಲಿನಲ್ಲಿ ಕೂರಿಸಿದರೆ ಮಲಗಿದ ಕುರಿ ಆಯಿತು, ಹೊಸದು ಯಾಕೆ?

ಹುಲ್ಲಿಗೂ ಪ್ಲಾಸ್ಟಿಕ್ ಮ್ಯಾಟ್ ಬೇಡ. ಡಿಸೆಂಬರ್ 14ಕ್ಕೋ 15ಕ್ಕೋ ಒಂದು ಹಿಡಿ ರಾಗಿ ರಾತ್ರಿ ನೆನೆಸಿಡಿ. ಬೆಳಿಗ್ಗೆ ಹಳೇ ತಟ್ಟೆಯಲ್ಲಿ ಮಣ್ಣು ಹರಡಿ, ಮೇಲೆ ರಾಗಿ ಉದುರಿಸಿ, ದಿನಾ ನೀರು ಚಿಮುಕಿಸಿ. ಚಳಿಗೆ ಮೊಳಕೆ ಸ್ವಲ್ಪ ನಿಧಾನ, ಗಾಬರಿಯಾಗಬೇಡಿ. ಜನವರಿ 6ರ ಮೂರು ರಾಜರ ಹಬ್ಬ ಮುಗಿಸಿ ಗೋದಲಿ ಬಿಚ್ಚುವಾಗ ಪೈರನ್ನು ಮಣ್ಣಿನ ಸಮೇತ ಹೂಕುಂಡಕ್ಕೆ ಹಾಕಿ. ಕೆಲವರು ಹಿಮ ಅಂತ ಥರ್ಮಾಕೋಲ್ ಗುಂಡು ಉದುರಿಸುತ್ತಾರೆ. ಬೆಂಗಳೂರಲ್ಲಿ ಹಿಮ ಯಾರು ಕಂಡಿದ್ದಾರೆ? ಅಲಂಕಾರದ ಥರ್ಮಾಕೋಲ್‌ಗೆ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ ಇದೆ. ಗಾಳಿಗೆ ಹಾರಿ ಮೋರಿ ಸೇರಿದರೆ ಗುಡಿಸಿ ತೆಗೆಯುವುದೂ ಕಷ್ಟ.

ಅಮ್ಮನ ಕಾಲದಲ್ಲಿ ಸರ್ವೆ ಮರದ ಕೊಂಬೆಯೇ ಕ್ರಿಸ್‌ಮಸ್ ಟ್ರೀ. ಈಗ ನಮ್ಮದು ಕುಂಡದಲ್ಲಿರುವ ಅರಕೇರಿಯಾ. ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಕೇಳಿ ನೋಡಿ. ಹಬ್ಬಕ್ಕೆ ಹತ್ತು ದಿನ ಕಿಟಕಿ ಪಕ್ಕ, ಆಮೇಲೆ ಮತ್ತೆ ಹೊರಗೆ. ಒಂದು ವರ್ಷ ಮೊಮ್ಮಗ ಅದಕ್ಕೆ ಹಿಮದ ಸ್ಪ್ರೇ ಹೊಡೆದ, ನಾನೂ ಸುಮ್ನೆ ನೋಡುತ್ತಾ ನಿಂತೆ. ಆ ಕಡೆಯ ಎಲೆ ಕಂದಿಹೋಯಿತು. ಈಗಲೂ ಗಿಡದ ಒಂದು ಮಗ್ಗುಲು ಬೋಳು, ಅದನ್ನು ಗೋಡೆಗೆ ತಿರುಗಿಸಿ ಇಡುತ್ತೇವೆ.

ಇನ್ನು ಕೇಕ್. ಕಿತ್ತಳೆ ಸಿಪ್ಪೆ ಬಿಸಾಡಿ, ಅಂಗಡಿಯಿಂದ ಅದೇ ಸಿಪ್ಪೆಯನ್ನು ಸಕ್ಕರೆ ಹಾಕಿದ್ದು ಅಂತ ಕಾಸು ಕೊಟ್ಟು ತರುವುದು ನನಗಂತೂ ಅರ್ಥವಾಗದ ಲೆಕ್ಕ. ಸಿಪ್ಪೆಯ ಒಳಗಿನ ಬಿಳಿ ನಾರನ್ನು ಚಮಚದಲ್ಲಿ ಕೆರೆದು, ಸಣ್ಣಗೆ ಹೆಚ್ಚಿ. ನೀರಲ್ಲಿ ಕುದಿಸಿ, ಆ ನೀರು ಚೆಲ್ಲಿ. ಹೊಸ ನೀರಲ್ಲಿ ಇನ್ನೊಮ್ಮೆ ಕುದಿಸಿ. ಎರಡನೇ ಸಲ ಬಿಟ್ಟರೆ ಕಹಿ ಉಳಿದು ಇಡೀ ಕೇಕ್ ಕೆಡುತ್ತದೆ. ಆಮೇಲೆ ಸಿಪ್ಪೆಯಷ್ಟೇ ತೂಕದ ಸಕ್ಕರೆ, ಮುಳುಗುವಷ್ಟು ನೀರು, ಸಣ್ಣ ಉರಿ. ಸಿಪ್ಪೆ ಗಾಜಿನ ಹಾಗೆ ಹೊಳೆದಾಗ ಇಳಿಸಿ, ತಟ್ಟೆಯಲ್ಲಿ ಆರಲು ಬಿಡಿ. ಉಳಿದ ಪಾಕಕ್ಕೆ ನಿಂಬೆ ಹಿಂಡಿದರೆ ಶರಬತ್ತು. ಜಾಸ್ತಿ ಸಿಪ್ಪೆ ಇದ್ದರೆ ಮೂರು ಪಾಲು ಸಿಪ್ಪೆಗೆ ಒಂದು ಪಾಲು ಬೆಲ್ಲ, ಹತ್ತು ಪಾಲು ನೀರು ಸೇರಿಸಿ ಪ್ಲಾಸ್ಟಿಕ್ ಕ್ಯಾನಿನಲ್ಲಿ ಮೂರು ತಿಂಗಳು ಇಡಿ. ನೆಲ ಒರೆಸಲು ಬಯೋ ಎಂಜೈಮ್ ರೆಡಿ. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಿ, ಇಲ್ಲದಿದ್ದರೆ ಕ್ಯಾನ್ ಉಬ್ಬಿ ಸಿಡಿಯುತ್ತದೆ.

ಗಿಫ್ಟ್ ಪೇಪರನ್ನು ಮುಷ್ಟಿಯಲ್ಲಿ ಮುದುರಿ ನೋಡಿ. ಕೈ ಬಿಟ್ಟ ಕೂಡಲೇ ಬಿಚ್ಚಿಕೊಂಡರೆ ಅದರಲ್ಲಿ ಪ್ಲಾಸ್ಟಿಕ್ ಇದೆ, ರದ್ದಿಯವರೂ ಮುಟ್ಟುವುದಿಲ್ಲ. ನಾನು ಹಳೇ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಕೊಡುತ್ತೇನೆ. ಮೊದಲ ವರ್ಷ ಸೊಸೆಗೆ ಮುಜುಗರ ಆಗಿತ್ತು. ಈಗ ಅವಳೇ ಸೆರಗಿನ ಭಾಗ ತನಗೆ ಅಂತ ಎತ್ತಿಡುತ್ತಾಳೆ.

ಕಲ್‌ಕಲ್, ರೋಸ್ ಕುಕೀಸ್‌ನಂಥ ಹಬ್ಬದ ತಿಂಡಿ ಹಂಚಲು ಪೇಪರ್ ಪ್ಲೇಟು, ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ, ಅದೆಲ್ಲ ನಮ್ಮಲ್ಲಿಲ್ಲ. ಸ್ಟೀಲ್ ಡಬ್ಬಿ, ಮುಚ್ಚಳದ ಒಳಗೆ ಪೇಂಟಿನಲ್ಲಿ ನಮ್ಮ ಮನೆ ನಂಬರು. ಡಬ್ಬಿ ವಾಪಸ್ ಬರುತ್ತಾ ಅಂತ ಹೊಸದಾಗಿ ಬಂದವರು ಕೇಳುತ್ತಾರೆ. ಖಾಲಿ ಡಬ್ಬಿ ಹಿಂದಿರುಗಿಸುವ ಅಭ್ಯಾಸ ನಮ್ಮ ಬೀದಿಯಲ್ಲಿ ಯಾರಿಗೂ ಇಲ್ಲ, ಅದಕ್ಕೇ ಮೂರು ವಾರ ಕಾಯಬೇಕು. ಸಂಕ್ರಾಂತಿ ದಿನ ಎಳ್ಳು ಬೆಲ್ಲ ತುಂಬಿಕೊಂಡು ಬರುತ್ತದೆ.